ಹೆಬ್ಬೆಟ್ಟು ಕೇಳುವ ಪೆಟ್ಟಿಗೆ

ಕಡೂರು ಸೀಮೆಯ ಚೌಳಹಿರಿಯೂರು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಊರಾದರೂ ಕಾಫಿಯ ಕಂಪಿಗೂ ಅದಕ್ಕೂ ಬಲು ದೂರ. ಬಾಬಾಬುಡನ್ ಗಿರಿಶ್ರೇಣಿ ಮುಂಗಾರಿನ ಮೋಡಗಳನ್ನು ಪಡುವಲಲ್ಲಿಯೇ ತಡೆದು ಬರಿದು ಮಾಡಿದ ಮೇಲೆ ಉಳಿಯುವ ತುಂತುರಷ್ಟೇ ಈ ಬಯಲಿನ ಪಾಲು. ರಾಗಿಯ ಹೊಲ, ತೆಂಗಿನ ಸಾಲು, ಕೊಳವೆಬಾವಿ ಕೈಕೊಡದಿದ್ದರೆ ಒಂದಿಷ್ಟು ಅಡಿಕೆ. ಇದು ಇಲ್ಲಿನ ಬದುಕು. ಮಳೆ ಮುನಿದ ವರ್ಷ ಬಡವನ ಮನೆಯ ಒಲೆ ಆರದಂತೆ ಕಾಯುವುದು ನ್ಯಾಯಬೆಲೆ ಅಂಗಡಿ. ಹಳ್ಳಿಗರ ಬಾಯಲ್ಲಿ ಅದಕ್ಕೆ 'ಸೊಸೈಟಿ' ಎಂದೇ ಹೆಸರು.

ಇಂಥ ಸೊಸೈಟಿಯ ಮುಂದೆ ತಿಂಗಳ ಅಕ್ಕಿಗಾಗಿ ಅಜ್ಜಿಯೊಬ್ಬಳು ಬಂದು ನಿಂತಳೆನ್ನಿ. ಕೈಯಲ್ಲಿ ಮಡಿಸಿದ ಗೋಣಿಚೀಲ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಪಡಿತರ ಚೀಟಿ. ಅಂಗಡಿಯವನಿಗೆ ಅವಳ ಗುರುತು ಉಂಟು. ಅವಳ ಗಂಡನ ಗುರುತೂ ಇತ್ತು. ಆದರೆ ಈಗ ಅವನ ಗುರುತಿಗೆ ಬೆಲೆಯಿಲ್ಲ. ಮೇಜಿನ ಮೇಲೆ ಕುಳಿತ ಪುಟ್ಟ ಯಂತ್ರವೊಂದು ಅವಳನ್ನು ಗುರುತಿಸಬೇಕು. ಅಜ್ಜಿ ಗಾಜಿನ ಮೇಲೆ ಹೆಬ್ಬೆರಳಿಡುತ್ತಾಳೆ. ಕೆಂಪು ಬೆಳಕು ಮಿನುಗುತ್ತದೆ. ಯಂತ್ರ ಒಲ್ಲೆನೆನ್ನುತ್ತದೆ.

"ಇನ್ನೊಂದ್ಸಲ ಒತ್ತಿ ಅಜ್ಜಿ, ಗಟ್ಟಿಯಾಗಿ."

"ಎಷ್ಟ್ ಸಲ ಒತ್ಲಪ್ಪಾ? ಬೆರಳು ನಂದೇ ಅಲ್ವಾ?"

ಬೆರಳು ಅವಳದೇ. ಆದರೆ ವರ್ಷಗಟ್ಟಲೆ ಕಳೆ ಕಿತ್ತು, ಅಡಿಕೆ ಸುಲಿದು, ಪಾತ್ರೆ ಬೆಳಗಿ ಸವೆದ ಆ ಬೆರಳಿನಲ್ಲಿ ಯಂತ್ರ ಹುಡುಕುವ ಗೆರೆಗಳು ಮಾಸಿವೆ. ಎಣ್ಣೆ ಸವರಿ, ಸೆರಗಿನಿಂದ ಒರೆಸಿ, ನಡುಬೆರಳು, ಉಂಗುರಬೆರಳು ಎಲ್ಲವನ್ನೂ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಅದೇ ಹೊತ್ತಿಗೆ 'ಸರ್ವರ್ ಇಲ್ಲ' ಎಂಬ ಮಾತು ಕೇಳಿಬಂದರಂತೂ ಮುಗಿಯಿತು. ಸರ್ವರ್ ಎಂದರೇನೆಂದು ಅಜ್ಜಿಗೆ ತಿಳಿಯದು. ಅದು ಇಲ್ಲದ ದಿನ ಕೂಲಿಯೂ ಇಲ್ಲ, ಅಕ್ಕಿಯೂ ಇಲ್ಲ ಎಂಬುದು ಮಾತ್ರ ಚೆನ್ನಾಗಿ ತಿಳಿದಿದೆ.

ಈ ಪೆಟ್ಟಿಗೆಯ ಪೂರ್ವಜರು ಬೇರೆಯೇ ಒಂದು ಕೆಲಸಕ್ಕಾಗಿ ಹುಟ್ಟಿದವರು. ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ ಜೇಮ್ಸ್ ರಿಟ್ಟಿ ಎಂಬಾತ ಮದ್ಯದಂಗಡಿ ಇಟ್ಟಿದ್ದ. ಗಿರಾಕಿಗಳಿಗೆ ಕೊರತೆಯಿರಲಿಲ್ಲ, ಲಾಭಕ್ಕೆ ಮಾತ್ರ ಕೊರತೆ. ಗಲ್ಲಾದಲ್ಲಿ ಕುಳಿತವರು ಹಣವನ್ನು ತಮ್ಮ ಜೇಬಿಗೇ ಇಳಿಸುತ್ತಿದ್ದರು. ಮನಸ್ಸು ಕೆಟ್ಟು ಯೂರೋಪಿಗೆ ಹಡಗು ಹತ್ತಿದ ರಿಟ್ಟಿಗೆ, ಆ ಹಡಗಿನ ಚಾಲಕಚಕ್ರದ ಸುತ್ತುಗಳನ್ನು ತಾನೇ ತಾನಾಗಿ ಎಣಿಸುವ ಯಂತ್ರವೊಂದು ಕಣ್ಣಿಗೆ ಬಿತ್ತು. ಸುತ್ತುಗಳನ್ನು ಎಣಿಸಬಹುದಾದರೆ ರೊಕ್ಕವನ್ನೇಕೆ ಎಣಿಸಬಾರದು? ಊರಿಗೆ ಮರಳಿ ಸಹೋದರ ಜಾನ್‌ನೊಡನೆ ಸೇರಿ ಯಂತ್ರ ಕಟ್ಟಿದ. 1879ರಲ್ಲಿ ಅದರ ಹಕ್ಕುಪತ್ರ ಪಡೆದ. ಅದಕ್ಕೆ ಅವನಿಟ್ಟ ಹೆಸರಿನ ಅರ್ಥ 'ಕೆಡಿಸಲಾಗದ ಗುಮಾಸ್ತ' ಎಂದು. ಮುಂದೆ ಜಾನ್ ಪ್ಯಾಟರ್ಸನ್ ಎಂಬ ಚತುರ ವ್ಯಾಪಾರಿ ಈ ಉದ್ಯಮವನ್ನು ಕೊಂಡು, 1884ರಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಎಂದು ಹೆಸರಿಟ್ಟು, ಲೋಕದ ಅಂಗಡಿಗಳಲ್ಲೆಲ್ಲ ಗಲ್ಲಾಪೆಟ್ಟಿಗೆಯ ಗಂಟೆ ಬಾರಿಸಿದ. ಗಂಟೆ ಬಾರಿಸಿತೆಂದರೆ ಒಳಗಿದ್ದ ಮಾಲೀಕನಿಗೆ ಹಣ ಬಂದ ಸುದ್ದಿ.

ಆಮೇಲೆ ಈ ವಂಶ ಬೆಳೆದ ಬಗೆಯನ್ನು ನಗರದ ಗೃಹಿಣಿ ನಿತ್ಯವೂ ಕಾಣುತ್ತಾಳೆ. 1974ರ ಜೂನ್ 26ರಂದು ಅದೇ ಓಹಾಯೋದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಒಂದು ಪೊಟ್ಟಣ ರಿಗ್ಲೀಸ್ ಚೂಯಿಂಗ್ ಗಮ್ಮಿನ ಮೇಲಿದ್ದ ಕಪ್ಪು ಪಟ್ಟೆಗಳನ್ನು ಬೆಳಕಿನ ಕಿರಣವೊಂದು ಓದಿತು. ಅಂದಿನಿಂದ ಸಾಮಾನಿನ ಬೆಲೆಯನ್ನು ಯಂತ್ರವೇ ತಿಳಿಯುವಂತಾಯಿತು. ಆದರೆ ಡೇಟನ್ನಿನಿಂದ ಟ್ರಾಯ್‌ವರೆಗೆ ಒಂದು ಸಂಗತಿ ಬದಲಾಗಲಿಲ್ಲ. ಯಂತ್ರದ ಸಂಶಯವೆಲ್ಲ ಮಾರುವವನ ಮೇಲೆ. ಕೊಳ್ಳುವವನನ್ನು 'ನೀನು ನೀನೇ ಹೌದೇ?' ಎಂದು ಅದು ಕೇಳಿದ್ದಿಲ್ಲ.

ನಮ್ಮ ನ್ಯಾಯಬೆಲೆ ಅಂಗಡಿಗೂ ಯಂತ್ರ ಬಂದದ್ದು ಮಾರುವವನ ಮೇಲಿನ ಸಂಶಯದಿಂದಲೇ, ಮತ್ತು ಆ ಸಂಶಯ ನಿರಾಧಾರವಾಗಿರಲಿಲ್ಲ. ಸತ್ತವರ ಹೆಸರಿನಲ್ಲಿ ಚೀಟಿ, ಹುಟ್ಟದವರ ಹೆಸರಿನಲ್ಲಿ ಚೀಟಿ, ಬಡವನಿಗೆ 'ಸ್ಟಾಕ್ ಬಂದಿಲ್ಲ' ಎಂಬ ಉತ್ತರ, ಇರುಳಿನಲ್ಲಿ ಲಾರಿ ಹತ್ತುವ ಮೂಟೆ: ಇವನ್ನು ಅರಿಯದ ಊರು ಯಾವುದು? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಪಡಿತರದ ಸಮಗ್ರ ಗಣಕೀಕರಣವನ್ನು ಸುಧಾರಣೆಗಳಲ್ಲಿ ಒಂದಾಗಿ ಎಣಿಸಿತು. ಅದೇ ವರ್ಷ ಜುಲೈಯಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಆರಂಭವಾಗಿ, ಅಗ್ಗದ ಅಕ್ಕಿಯ ಹೊಳೆಯೇ ಹರಿದಾಗ ಸೋರಿಕೆಯ ಚಿಂತೆಯೂ ಹೆಚ್ಚಿತು. ನಡುವೆ ಕೂಪನ್ ಪದ್ಧತಿಯೊಂದು ಬಂದು, ಜನರನ್ನು ಸಾಕಷ್ಟು ಅಲೆದಾಡಿಸಿ, ಹೋಯಿತು. ಕೊನೆಗೆ ನಿಂತದ್ದು ಹೆಬ್ಬೆಟ್ಟಿನ ಯಂತ್ರ.

ಅದರ ಕಾರ್ಯವೈಖರಿ ಕೌತುಕಮಯವಾದದ್ದೇ. ಬೆರಳ ತುದಿಯ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಯಂತ್ರ ಹಿಡಿದು, ಗೂಢಲಿಪಿಗೆ ತಿರುಗಿಸಿ, ಚೀಟಿದಾರನ 12 ಅಂಕಿಗಳ ಆಧಾರ್ ಸಂಖ್ಯೆಯೊಡನೆ ದೂರದ ದತ್ತಭಂಡಾರಕ್ಕೆ ಕಳುಹಿಸುತ್ತದೆ. ಅಲ್ಲಿಂದ ಬರುವ ಉತ್ತರ ಎರಡೇ ಬಗೆ: 'ಹೌದು' ಅಥವಾ 'ಅಲ್ಲ'. ಆದರೆ ಒಂದೇ ಬೆರಳನ್ನು ಎರಡು ಸಲ ಒತ್ತಿದರೂ ಎರಡು ಮುದ್ರೆಗಳು ತದ್ರೂಪವಾಗಿರುವುದಿಲ್ಲ. ಆದ್ದರಿಂದ ಎಷ್ಟು ಹೋಲಿಕೆಯಿದ್ದರೆ ಸಾಕು ಎಂಬ ಗೆರೆಯನ್ನು ಮನುಷ್ಯರೇ ಎಳೆಯಬೇಕು. ಗೆರೆ ಸಡಿಲವಾದರೆ ಪರರು ಒಳಹೊಕ್ಕಾರು. ಬಿಗಿಯಾದರೆ ಸ್ವಂತದವರೇ ಹೊರಗುಳಿದಾರು. ಯಂತ್ರದ 'ಅಲ್ಲ' ಎಂಬುದು ಸತ್ಯದ ತೀರ್ಪಲ್ಲ, ಒಂದು ಅಂದಾಜು. ಇದನ್ನು ಅಜ್ಜಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ವಿನೋದವನ್ನೂ ಗಮನಿಸಬೇಕು. ಹೆಬ್ಬೆಟ್ಟು ಒತ್ತುವುದು ಅವಮಾನವೆಂದು ಬಗೆದು, ಮುದುಕರೂ ಲಾಟೀನಿನ ಬೆಳಕಿನಲ್ಲಿ ಸಹಿ ಮಾಡಲು ಕಲಿತ ನಾಡಿದು. ಈಗ ಸಹಿ ಬಲ್ಲವನೂ, ಪದವೀಧರನೂ ಸರದಿಯಲ್ಲಿ ನಿಂತು ಹೆಬ್ಬೆಟ್ಟನ್ನೇ ಒತ್ತಬೇಕಾಗಿದೆ!

ಅಂಗಡಿಯವನೂ ಸುಖಿಯೇನಲ್ಲ. ಕೇಂದ್ರದ 2015ರ ನಿಯಮದಂತೆ ನಮ್ಮಂಥ ರಾಜ್ಯಗಳಲ್ಲಿ ಕ್ವಿಂಟಲಿಗೆ 70 ರೂಪಾಯಿಯ ಕಮಿಷನ್ನಿನ ಮೇಲೆ ಯಂತ್ರದ ಮೂಲಕ ಮಾರಿದ್ದಕ್ಕೆ 17 ರೂಪಾಯಿ ಹೆಚ್ಚಿಗೆ, ಎಂದರೆ ಕಿಲೋಗೆ 17 ಪೈಸೆ. 2022ರಲ್ಲಿ ಇವು 90 ಮತ್ತು 21ಕ್ಕೆ ಏರಿದವು. ಆ ಪೈಸೆಗಳಿಗಾಗಿ ಅವನು ತಂತಿಜಾಲದ ಕೊರತೆಗೆ, ಕೆಟ್ಟ ಯಂತ್ರಕ್ಕೆ, ಜನರ ಬೈಗುಳಕ್ಕೆ ಉತ್ತರ ಹೇಳಬೇಕು. ಹಾಗೆಂದು ಅವನ ಎಲ್ಲ ದಾರಿಗಳೂ ಮುಚ್ಚಿದವೆಂದಲ್ಲ. ಯಂತ್ರಕ್ಕೆ ಬೆರಳು ಕಾಣುತ್ತದೆ, ತಕ್ಕಡಿ ಕಾಣದು. ತೂಕದ ಯಂತ್ರವನ್ನು ಅದಕ್ಕೆ ಜೋಡಿಸದಿದ್ದರೆ ಚೀಟಿಯಲ್ಲಿ 10 ಕಿಲೋ ಎಂದು ಅಚ್ಚಾಗಿ ಚೀಲಕ್ಕೆ ಒಂಬತ್ತೇ ಬೀಳಬಹುದು. ಹೆಬ್ಬೆಟ್ಟು ಕೊಟ್ಟಾದ ಮೇಲೆ ತಕರಾರಿಗೆ ಸಾಕ್ಷಿ ಎಲ್ಲಿಂದ ತರುವುದು?

ಜಾರ್ಖಂಡದಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಈ ಯಂತ್ರಗಳನ್ನು ಕುರಿತು ದೊಡ್ಡ ಪರಿಶೀಲನೆ ನಡೆಸಿದರು. ಬೆರಳಿನ ತಪಾಸಣೆಯೊಂದರಿಂದಲೇ ಸೋರಿಕೆ ತಗ್ಗಲಿಲ್ಲ. ಪಡಿತರದಾರರ ತೊಂದರೆ ಮಾತ್ರ ಹೆಚ್ಚಿತು. ಯಂತ್ರದ ಲೆಕ್ಕಕ್ಕೆ ತಾಳೆ ಹಾಕಿ ಅಂಗಡಿಗೆ ಧಾನ್ಯ ಕಳುಹಿಸತೊಡಗಿದ ಮೇಲೆ ಸೋರಿಕೆ ತಗ್ಗಿತು. ಆದರೆ ಆಗಲೂ ನಷ್ಟದ ಒಂದಂಶ ಬಡವನ ಚೀಲಕ್ಕೇ ತಗಲಿತು ಎಂಬುದು ಅವರ ಶೋಧನೆ.

ಒಳಿತೂ ಆಗಿದೆ, ಅದನ್ನು ಮರೆಮಾಚಲಾಗದು. 2020ರ ಜನವರಿ 1ರಂದು ಕರ್ನಾಟಕವೂ ಸೇರಿ 12 ರಾಜ್ಯಗಳು ಒಂದೇ ಪಡಿತರ ಜಾಲಕ್ಕೆ ಬಂದುವು. ಇದರಿಂದ ಚೀಟಿದಾರನು ಒಂದೇ ಅಂಗಡಿಯವನ ಹಂಗಿನಲ್ಲಿ ಇರಬೇಕಾಗಿಲ್ಲ. ಕೂಲಿಗಾಗಿ ದೂರದಿಂದ ಕಾಫಿತೋಟಕ್ಕೆ ಬಂದವನು ಅಲ್ಲಿನ ಸೊಸೈಟಿಯಲ್ಲೇ ಬೆರಳೊತ್ತಿ ತನ್ನ ಪಾಲು ಪಡೆಯಬಹುದು. ಈ ಸ್ವಾತಂತ್ರ್ಯ ಹಳೆಯ ಕಾಗದದ ಚೀಟಿಗೆ ಎಂದೂ ಇರಲಿಲ್ಲ.

ಆದರೆ ಬೆರಳು ಮಾಸಿದವರ ಗತಿಯೇನು? 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡದ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಬಾಲಕಿಯೊಬ್ಬಳು ಮೃತಳಾದಳು. ಆಧಾರ್ ಜೋಡಣೆಯಾಗದೆ ಪಡಿತರ ನಿಂತು, ಮಗಳು ಹಸಿವಿನಿಂದ ಸತ್ತಳೆಂದು ತಾಯಿ ಹೇಳಿದಳು, ಅಧಿಕಾರಿಗಳು ಕಾಯಿಲೆಯೆಂದರು. ದೇಶವೆಲ್ಲ ಕಳವಳಗೊಂಡಿತು. ಮರುತಿಂಗಳು 24ರಂದು ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಆಜ್ಞೆ ಹೊರಡಿಸಿತು: ಆಧಾರ್ ಇಲ್ಲವೆಂದಾಗಲಿ, ಬೆರಳು ಹೊಂದಲಿಲ್ಲವೆಂದಾಗಲಿ, ಜಾಲ ಸಿಗಲಿಲ್ಲವೆಂದಾಗಲಿ ಅರ್ಹರಿಗೆ ಧಾನ್ಯ ನಿರಾಕರಿಸಕೂಡದು, ಚೀಟಿ ನೋಡಿ ಕೊಟ್ಟು, ವಿನಾಯಿತಿಯ ಪುಸ್ತಕವೊಂದರಲ್ಲಿ ಬರೆದಿಡಬೇಕು.

ಚೌಳಹಿರಿಯೂರಿನಂಥ ಊರಿನಲ್ಲಿ ಎರಡನೆಯ ದಿನವೂ ಬರಿಗೈಯಲ್ಲಿ ಹಿಂದಿರುಗುವ ಅಜ್ಜಿಯ ಅಕ್ಕಿ ಈ ಪುಸ್ತಕವನ್ನೇ ಅವಲಂಬಿಸಿದೆ. ಕೆಲವು ಪುಟಗಳ ಆ ಪುಸ್ತಕಕ್ಕೆ ವಿದ್ಯುತ್ತು ಬೇಡ, ಸರ್ವರ್ ಬೇಡ. ಬೇಕಾದುದು ಅದನ್ನು ತೆರೆಯುವ ಮನಸ್ಸುಳ್ಳ ಅಂಗಡಿಯವನೊಬ್ಬ, ಮತ್ತು ಹಾಗೊಂದು ಪುಸ್ತಕವಿದೆಯೆಂದು ಅಜ್ಜಿಗೆ ತಿಳಿಸುವ ಮೊಮ್ಮಗಳೊಬ್ಬಳು. ಅವಳೂ ಶಾಲೆಗೆ ರಜವಿದ್ದ ದಿನ ಚೀಲ ಹಿಡಿದು ಜೊತೆಗೆ ಬಂದಾಳು. "ಅಂಕಲ್, ಬುಕ್ಕಲ್ಲಿ ಬರ್ಕೊಂಡು ಕೊಡಿ" ಎಂದಾಳು.