ವಾಟರ್ ವ್ಯಾಗ್: ಎಲ್ಲರಿಗೂ ಒಂದೇ ದೋಣಿ

ಹಾಯಿದೋಣಿ ಪಂದ್ಯ ಗೆಲ್ಲುವುದು ಚುಕ್ಕಾಣಿ ಹಿಡಿದವನೋ, ಅವನ ದುಡ್ಡೋ? 1880ರ ದಶಕದಲ್ಲಿ ಡಬ್ಲಿನ್ ಬಳಿಯ ಥಾಮಸ್ ಮಿಡಲ್ಟನ್‌ಗೆ ಕಿರಿಕಿರಿ ಹುಟ್ಟಿಸಿದ ಪ್ರಶ್ನೆ ಇದು. ಹಣವಂತನೊಬ್ಬ ದೊಡ್ಡ ಹಾಯಿಯ, ಇನ್ನಷ್ಟು ವೇಗದ ದೋಣಿ ಕಟ್ಟಿಸಿಕೊಂಡು ಬಂದರೆ ಸಾಕು, ಉಳಿದವರ ದೋಣಿಗಳು ಮೂಲೆ ಸೇರುತ್ತಿದ್ದವು.

ಮಿಡಲ್ಟನ್ ಕಂಡುಕೊಂಡ ಮದ್ದು ಸರಳ: ದೋಣಿ, ಹಾಯಿ ಎಲ್ಲವೂ ಎಲ್ಲರಿಗೂ ಒಂದೇ ಅಳತೆ. ಹಾಗೆ 1887ರಲ್ಲಿ ಶುರುವಾದದ್ದು 'ವಾಟರ್ ವ್ಯಾಗ್'. ಹದಿಮೂರು ಅಡಿ ಉದ್ದ, ಎರಡೂ ತುದಿ ಚೂಪು. 'ಒನ್ ಡಿಸೈನ್' ಪಂದ್ಯದೋಣಿಗಳಲ್ಲಿ ಜಗತ್ತಿಗೇ ಹಿರಿಯಣ್ಣ.

ಇಂದು ನೀರಿನ ಮೇಲಿರುವ ವ್ಯಾಗ್ ಮಾತ್ರ ಅದಲ್ಲ. 1900ರಲ್ಲಿ ಹೊಸ ನಕ್ಷೆ ಬಂತು; ಅದನ್ನು ಬರೆದವಳು ದೋಣಿ ಕಟ್ಟುವ ಡಾಯ್ಲ್ ಅವರ ಮಗಳು ಮೇಮಿ. ಹೆಣ್ಣುಮಕ್ಕಳು ದೋಣಿಯ ನಕ್ಷೆ ಬರೆಯುವುದು ಊಹೆಗೂ ನಿಲುಕದ ಕಾಲ! ಅವಳ ವ್ಯಾಗ್ 14 ಅಡಿ 3 ಅಂಗುಲದ್ದು. ಹಿಂಬದಿ ಚೂಪಾಗಿಲ್ಲ, ಕತ್ತರಿಸಿದಂತೆ ಚಪ್ಪಟೆ. ಹತ್ತಿರದಿಂದ ನೋಡಿದರೆ ತೆಳು ಹಲಗೆಗಳು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುವುದು ಕಾಣುತ್ತದೆ. ಒಳಗೆ ಹಲಗೆಗಳಿಗೆ ಆಸರೆಯಾಗಿ ಬಾಗಿದ ಸಪೂರ ಪಕ್ಕೆಗಳು. ಹಾಯಿಕಂಬ ಗಿಡ್ಡ; ಹಾಯಿಯ ಮೇಲಂಚನ್ನು ಹೊತ್ತ ಇನ್ನೊಂದು ಕೋಲು ಅದರ ಬೆನ್ನಿಗಂಟಿಕೊಂಡು ನೆಟ್ಟಗೆ ಮೇಲೇರುತ್ತದೆ. ಎತ್ತರದ ಹಾಯಿಯೂ ಆಯಿತು, ಇಳಿಸಿದಾಗ ಎಲ್ಲ ದೋಣಿಯೊಳಗೇ ಅಡಕವೂ ಆಯಿತು.

ಪಂದ್ಯ ಬೇಸಿಗೆಯ ಬುಧವಾರ ಸಂಜೆಗಳಲ್ಲಿ, ಡಬ್ಲಿನ್‌ನ ದಕ್ಷಿಣಕ್ಕಿರುವ ಡನ್ ಲೀರಿ ಬಂದರಿನಲ್ಲಿ. ಬ್ರಿಟಿಷರ ಕಾಲಕ್ಕೆ ಆ ಊರು ಕಿಂಗ್ಸ್‌ಟೌನ್. ಕಡಲಿಗೆ ಚಾಚಿದ ಎರಡು ಗ್ರಾನೈಟ್ ಕಟ್ಟೆಗಳ ನಡುವೆ ಅಲೆಯ ಅಬ್ಬರ ಕಡಿಮೆ. ಆದರೆ ಗಾಳಿಯನ್ನು ನಂಬುವಂತಿಲ್ಲ. ಈ ಮೂಲೆಯಲ್ಲಿ ರಭಸವಾಗಿ ಬೀಸಿದ್ದು ಆ ಮೂಲೆ ತಲುಪುವಷ್ಟರಲ್ಲಿ ಸತ್ತೇ ಹೋಗಿರುತ್ತದೆ. ದೋಣಿಗೆ ಇಬ್ಬರು. ಗಾಳಿಗೆದುರು ಓರೆಯೋರೆಯಾಗಿ ಸಾಗುವಾಗ ಯಾವಾಗ ತಿರುಗಬೇಕು ಎಂಬುದನ್ನು ಲೆಕ್ಕ ಹಾಕಿದವರು ಮುಂದೆ, ಅಕ್ಕಪಕ್ಕ ನೋಡುತ್ತ ಕೂತವರು ಹಿಂದೆ. ದೋಣಿ ಸರಿಯಿರಲಿಲ್ಲ ಎಂಬ ನೆಪಕ್ಕೆ ಇಲ್ಲಿ ಬೆಲೆಯಿಲ್ಲ.

ಇದೇ ತತ್ವ ಆಮೇಲೆ ಒಲಿಂಪಿಕ್ಸ್‌ವರೆಗೂ ಹೋಯಿತು. ಟೋಕಿಯೊದಲ್ಲಿ ಚೆನ್ನೈನ ನೇತ್ರಾ ಕುಮನನ್ ಸ್ಪರ್ಧಿಸಿದ ಲೇಸರ್ ರೇಡಿಯಲ್ ಕೂಡ ಒನ್ ಡಿಸೈನ್ ದೋಣಿಯೇ, ಫೈಬರ್‌ಗ್ಲಾಸಿನದು. ಫೈಬರ್‌ಗ್ಲಾಸ್ ಅಗ್ಗ, ಆರೈಕೆಯೂ ಕಡಿಮೆ. ವ್ಯಾಗ್‌ನವರು ಮಾತ್ರ ಮರ ಬಿಟ್ಟಿಲ್ಲ. ವಾರ್ನಿಷ್, ಉಜ್ಜುಗಾಗದ, ಬಿರುಕು ಬಿಟ್ಟ ಹಲಗೆಯ ರಿಪೇರಿ ಎಂದು ಚಳಿಗಾಲವಿಡೀ ಕೆಲಸ. ಹೊಸ ದೋಣಿ ಬೇಕಾದರೂ ಮೇಮಿಯ ನಕ್ಷೆಯಂತೆಯೇ ಕಟ್ಟಿಸಬೇಕು. ಹಾಗಾಗಿ ಶತಮಾನ ದಾಟಿದ ವ್ಯಾಗ್ ಮತ್ತು ಮೊನ್ನೆ ಮೊನ್ನೆ ನೀರಿಗಿಳಿದ ವ್ಯಾಗ್ ಒಂದೇ ಗೆರೆಯಿಂದ ಹೊರಡುತ್ತವೆ.