ಎದೆಯ ನೋವು: ಮನಸ್ಸಿನದೋ, ಹೃದಯದ್ದೋ?

ಕನ್ನಡದಲ್ಲಿ 'ಎದೆ' ಎಂಬ ಒಂದೇ ಶಬ್ದವು ಹಲವು ಅರ್ಥಗಳ ಭಾರವನ್ನು ಹೊತ್ತುಕೊಂಡಿದೆ. ಅದು ಶರೀರದ ಭಾಗವೂ ಹೌದು, ಅದರೊಳಗಿನ ಹೃದಯವೂ ಹೌದು, ಮನಸ್ಸೂ ಹೌದು, ಧೈರ್ಯವೂ ಹೌದು. ಧೈರ್ಯವುಳ್ಳವನು ಎದೆಗಾರ, ಅದನ್ನು ಕಳೆದುಕೊಂಡವನು ಎದೆಗುಂದುತ್ತಾನೆ, ದುಃಖದ ವಾರ್ತೆಗೆ ಎದೆಯೊಡೆಯುತ್ತದೆ. ಸಾಹಿತ್ಯಕ್ಕೆ ಇದು ಭೂಷಣವೇ ಸರಿ. ಆದರೆ ನಡುರಾತ್ರಿಯಲ್ಲಿ ಎದೆಯೊಳಗೆ ನೋವು ಕಾಣಿಸಿಕೊಂಡಾಗ, ಅದು ಮನಸ್ಸಿನ ಬೇಗೆಯೋ ಹೃದಯದ ಬೇನೆಯೋ ಎಂಬ ಸಂದೇಹವು ಮನುಷ್ಯನನ್ನು ದಿಕ್ಕೆಡಿಸುತ್ತದೆ.

ಈ ಲೇಖಕನು ವೈದ್ಯನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಎರಡು ಪ್ರಸಂಗಗಳು ಕಾರಣ. ಕೆಲವು ವರ್ಷಗಳ ಹಿಂದೆ, ಪರೀಕ್ಷೆಯ ಫಲಿತಾಂಶದ ಚಿಂತೆಯಲ್ಲಿದ್ದ ದಿನಗಳಲ್ಲಿ, ನನ್ನ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತಾಗತೊಡಗಿತು. ನಿದ್ರೆ ಹೋಯಿತು. ಭಯದಿಂದ ವೈದ್ಯರ ಬಳಿಗೆ ಹೋದೆ. ಅವರು, "ನೋವಿನ ಜಾಗವನ್ನು ಒಂದು ಬೆರಳಿನಿಂದ ತೋರಿಸುವಿರೋ, ಇಡೀ ಅಂಗೈಯಿಂದಲೋ?" ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ಅವರು ಅಷ್ಟಕ್ಕೇ ನಿಲ್ಲದೆ ಇ.ಸಿ.ಜಿ. ತೆಗೆಸಿ, ರಕ್ತ ಪರೀಕ್ಷಿಸಿ, ಬಳಿಕವೇ ಹೃದಯವು ಕ್ಷೇಮವಾಗಿದೆ, ದಣಿದಿರುವುದು ಮನಸ್ಸು ಎಂದರು.

ಮರುವರ್ಷ ಯಲಬುರ್ಗಾ ಕಡೆಯ ಒಬ್ಬ ಸಹೋದ್ಯೋಗಿಗಳು, ಸೈಕಲ್ ತಳ್ಳಿಕೊಂಡು ದಿಬ್ಬ ಏರುವಾಗ ಎದೆಯ ಮೇಲೆ ಚೀಲವಿಟ್ಟಂತೆ ಆಗುತ್ತದೆಂದೂ, ಬೇವಿನ ಮರದ ನೆರಳಲ್ಲಿ ನಿಂತರೆ ಕಡಿಮೆಯಾಗುತ್ತದೆಂದೂ ಹೇಳಿದರು. "ಗ್ಯಾಸ್ ಆಗೈತ್ರೀ ಪಂಡಿತರ, ಒಂದು ಸೋಡಾ ಕುಡಿದ್ರ ಹೋಗತೈತಿ" ಎಂದು ಅವರೇ ಸಮಾಧಾನ ಮಾಡಿಕೊಂಡರು. ನನಗಾದುದೇ ಅವರಿಗೂ ಆಗಿದೆ ಎಂದು ಬಗೆದು ನಾನೂ ತಲೆದೂಗಿದೆ. ಮೂರನೆಯ ವಾರದಲ್ಲಿ ಅವರು ತೀರಿಕೊಂಡರು. ನನ್ನ ನೋವಿನ ಅಳತೆಯಿಂದ ಇನ್ನೊಬ್ಬರ ನೋವನ್ನು ಅಳೆದ ತಪ್ಪು ನನ್ನದು. ಆ ತಪ್ಪು ಬೇರೊಬ್ಬರಿಂದ ಆಗದಿರಲೆಂಬುದೇ ಈ ಬರಹದ ಉದ್ದೇಶ.

ಹಿಂದಿನವರು ಕಂಡದ್ದು

ಮನಸ್ಸಿಗೂ ಹೃದಯಕ್ಕೂ ನಂಟಿದೆಯೆಂಬುದು ಹೊಸ ಮಾತಲ್ಲ. ಚರಕಸಂಹಿತೆಯು ಶಿರಸ್ಸು, ಹೃದಯ, ಬಸ್ತಿ ಎಂಬ ಮೂರನ್ನು ಪ್ರಧಾನ ಮರ್ಮಗಳೆಂದು ಎಣಿಸಿ, ಹೃದ್ರೋಗವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅದರ ಕಾರಣಗಳಲ್ಲಿ ಚಿಂತೆ, ಭಯ, ತ್ರಾಸಗಳನ್ನೂ ಹೇಳುತ್ತದೆ. ಪಾಶ್ಚಾತ್ಯ ವೈದ್ಯರು ಹೃದಯದ ನೋವಿಗೆ ಇಟ್ಟ 'ಆಂಜೈನಾ' ಎಂಬ ಹೆಸರೂ, ಆಂಗ್ಲ ಭಾಷೆಯಲ್ಲಿ ಕಳವಳಕ್ಕಿರುವ 'ಆಂಗ್ಸೈಟಿ' ಎಂಬ ಶಬ್ದವೂ ಇರುಕಿಸು, ಹಿಸುಕು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ಸಂಕಟವೆಂಬ ಅರ್ಥದ ವೈದಿಕ ಶಬ್ದ 'ಅಂಹಸ್' ಕೂಡ ಅದೇ ಬಳಗದ್ದು. ನಮ್ಮ 'ಅಂಜು' ಎಂಬುದು ಮಾತ್ರ ಕೇವಲ ಧ್ವನಿಸಾಮ್ಯ. ಅದು ಬೇರೆ ಕುಲದ ಶಬ್ದ.

1871ರಲ್ಲಿ ಅಮೆರಿಕದ ವೈದ್ಯ ಡಾ ಕೋಸ್ಟಾ, ಅಲ್ಲಿನ ಅಂತರ್ಯುದ್ಧದ ಸೈನಿಕರಲ್ಲಿ ಎದೆನೋವು, ಎದೆಬಡಿತ, ದಣಿವುಗಳಿದ್ದರೂ ಅನೇಕರಲ್ಲಿ ಹೃದಯದ ದೋಷ ಕಾಣದಿದ್ದುದನ್ನು ವಿವರಿಸಿದನು. ಇತ್ತ 2004ರಲ್ಲಿ ಪ್ರಕಟವಾದ, 52 ದೇಶಗಳನ್ನೊಳಗೊಂಡ 'ಇಂಟರ್‌ಹಾರ್ಟ್' ಅಧ್ಯಯನವು ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಮನಸ್ಸಿನ ಒತ್ತಡವನ್ನೂ ಸೇರಿಸಿತು. ಆದುದರಿಂದ ಮನೋಕ್ಲೇಶವು ಹೃದ್ರೋಗದ ವೇಷವನ್ನು ಹಾಕಬಲ್ಲದು. ಕಾಲಕ್ರಮದಲ್ಲಿ ಹೃದ್ರೋಗವನ್ನೇ ಕರೆತರಲೂಬಲ್ಲದು. ಕಷ್ಟವಿರುವುದು ಇಲ್ಲಿಯೇ.

ಕ್ರಿಯಾಪದಗಳ ಸಾಕ್ಷ್ಯ

ರೋಗಿಯು ನೋವನ್ನು ಯಾವ ಕ್ರಿಯಾಪದದಿಂದ ಹೇಳುತ್ತಾನೆಂಬುದು ವೈದ್ಯರಿಗೆ ಮೊದಲ ಸೂಚನೆ. 'ಚುಚ್ಚುತ್ತದೆ' ಎಂದು ಒಂದು ಬಿಂದುವಿನಲ್ಲಿ ಬೆರಳಿಡುವ ನೋವು, ಕ್ಷಣಮಾತ್ರ ಮಿಂಚಿ ಹೋಗುವ ನೋವು, ಒತ್ತಿದರೆ, ಹೊರಳಿದರೆ, ದೀರ್ಘವಾಗಿ ಉಸಿರೆಳೆದರೆ ಹೆಚ್ಚುವ ನೋವು ಬಹುಮಟ್ಟಿಗೆ ಸ್ನಾಯುವಿನದು ಅಥವಾ ಪಕ್ಕೆಲುಬಿನ ಸಂದಿನದು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರಿಗೂ, ಚಿಂತೆಯಿಂದ ಹೆಗಲು ಬಿಗಿಹಿಡಿದು ಕೂರುವ ಶಿಕ್ಷಕರಿಗೂ ಇದು ಬರಬಹುದು. 'ಉರಿಯುತ್ತದೆ' ಎಂಬುದು, ಅದರಲ್ಲೂ ಮಿರ್ಚಿ ಮಂಡಕ್ಕಿ ತಿಂದು ಮಲಗಿದ ಮೇಲೆ ಬಂದು ಹುಳಿತೇಗಿನೊಡನೆ ಇದ್ದರೆ, ಸಾಮಾನ್ಯವಾಗಿ ಆಮ್ಲಪಿತ್ತ.

'ಒತ್ತುತ್ತದೆ', 'ಹಿಂಡುತ್ತದೆ', 'ಬಿಗಿಯುತ್ತದೆ', 'ಭಾರ ಇಟ್ಟಂತಿದೆ' ಎಂದು ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು ಹೇಳುವ ನೋವಿಗೆ ಎಚ್ಚರಗೊಳ್ಳಬೇಕು. ಅದು ತೋಳು, ಕುತ್ತಿಗೆ, ದವಡೆ, ಬೆನ್ನುಗಳಿಗೆ ಹರಿದರೆ, ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ ಜೊತೆಗೂಡಿದರೆ ಸಂಶಯಕ್ಕೆ ಎಡೆಯೇ ಬೇಡ. ದುಡಿದಾಗ ಬಂದು ವಿಶ್ರಮಿಸಿದಾಗ ಇಳಿಯುವ ನೋವು ಹೃದಯದ ರಕ್ತನಾಳಗಳು ಕಿರಿದಾದುದರ ಲಕ್ಷಣ: ದುಡಿಮೆಯಲ್ಲಿ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಅಷ್ಟನ್ನು ಒದಗಿಸಲಾರದು. ಬೇವಿನ ಮರದ ಕೆಳಗೆ ನನ್ನ ಮಿತ್ರರ ನೋವು ಇಳಿದುದು ಗುಣವಾದುದರ ಗುರುತಾಗಿರಲಿಲ್ಲ, ಮುನ್ನೆಚ್ಚರಿಕೆಯಾಗಿತ್ತು.

ಗಾಬರಿಯ ನೋವಿನ ರೀತಿ ಬೇರೆ. ಅದು ಕುಳಿತಲ್ಲಿಯೇ ಏಳುತ್ತದೆ. ಕೆಲವೇ ನಿಮಿಷಗಳಲ್ಲಿ ಶಿಖರಕ್ಕೇರಿ ಬಳಿಕ ಇಳಿಯುತ್ತದೆ. ಭಯದಿಂದ ಉಸಿರು ಬಿರುಸಾದಾಗ ರಕ್ತದೊಳಗಿನ ಅಂಗಾರಾಮ್ಲ ಅತಿಯಾಗಿ ಹೊರಹೋಗಿ, ಬೆರಳತುದಿ ಮತ್ತು ಬಾಯ ಸುತ್ತ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಇದನ್ನು ಕಂಡು ಭಯ ಮತ್ತೂ ಹೆಚ್ಚುತ್ತದೆ. ಭಯ ಹೆಚ್ಚಿದಂತೆ ನೋವೂ ಹೆಚ್ಚುತ್ತದೆ.

ಲಕ್ಷಣಗಳನ್ನು ಅತಿಯಾಗಿ ನಂಬಬಾರದು

ಮೇಲಿನ ವಿಂಗಡಣೆಯು ತಿಳಿವಳಿಕೆಗಾಗಿ. ಮನೆಯಲ್ಲಿ ಕುಳಿತು ತೀರ್ಪು ಕೊಡುವುದಕ್ಕಲ್ಲ. ಮಧುಮೇಹಿಗಳಲ್ಲಿ, ವೃದ್ಧರಲ್ಲಿ, ಸ್ತ್ರೀಯರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರಿಯ ಸುಸ್ತು, ಉಬ್ಬಸ, ಮೇಲ್ಹೊಟ್ಟೆಯ ಸಂಕಟಗಳಾಗಿ ಬರುವುದುಂಟು. ಇನ್ನೊಂದು ವಿಚಿತ್ರವೂ ಇದೆ. ತೀವ್ರ ಶೋಕ ಅಥವಾ ಆಘಾತದಿಂದ ಹೃದಯದ ಎಡಗೋಣೆ ಉಬ್ಬಿ ದುರ್ಬಲಗೊಳ್ಳುವ ಒಂದು ವ್ಯಾಧಿಗೆ ಜಪಾನಿನ ವೈದ್ಯರು 1990ರ ಸುಮಾರಿಗೆ, ಅಷ್ಟಪದಿಯನ್ನು ಹಿಡಿಯುವ ಮಡಕೆಯ ಆಕಾರವನ್ನು ಕಂಡು, 'ಟಾಕೊಟ್ಸುಬೊ' ಎಂದು ಹೆಸರಿಟ್ಟರು. 'ಎದೆಯೊಡೆಯಿತು' ಎಂಬ ನಮ್ಮ ನುಡಿಗಟ್ಟು ಬರಿಯ ಅಲಂಕಾರವಲ್ಲ. ಭಾರತ ಮತ್ತು ನೆರೆಯ ದೇಶಗಳವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು 5–6 ವರ್ಷ ಮುಂಚೆಯೇ ಬರುತ್ತದೆಂಬುದನ್ನೂ ನೆನಪಿಡಬೇಕು.

ಆದಕಾರಣ ನಿಯಮವಿಷ್ಟೆ: ಹೊಸದಾಗಿ ಬಂದ ಎದೆನೋವನ್ನು, ಅಲ್ಲವೆಂದು ಪರೀಕ್ಷೆಯಿಂದ ತಿಳಿಯುವವರೆಗೆ, ಹೃದಯದ್ದೆಂದೇ ಭಾವಿಸತಕ್ಕದ್ದು. ಮೊದಲ ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ವೈದ್ಯರು ಅದನ್ನು ಮತ್ತೆ ತೆಗೆಸಬಹುದು, 'ಟ್ರೋಪೋನಿನ್' ಎಂಬ ರಕ್ತಪರೀಕ್ಷೆ ಮಾಡಿಸಬಹುದು. ಅದಕ್ಕೆ ಬೇಸರಿಸಬಾರದು.

ಅತಿಭಯವೂ ಸಲ್ಲದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ನಿಧನರಾದಾಗಲೂ, 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ವಾರ್ತೆ ಹಬ್ಬಿದಾಗಲೂ, ಜಯದೇವ ಆಸ್ಪತ್ರೆಯ ಮುಂದೆ ಗಾಬರಿಗೊಂಡ ಜನರ ಸಾಲು ಬೆಳೆಯಿತು. ಹಾಸನದ ವಿಷಯವನ್ನು ಪರಿಶೀಲಿಸಿದ ತಜ್ಞರ ಸಮಿತಿಯು ಅಸಹಜವಾದ ಏರಿಕೆಯೇನೂ ಇಲ್ಲವೆಂದಿತು. ನೋವಿಲ್ಲದವರು ಸಾಲು ನಿಲ್ಲುವುದೂ, ನೋವುಳ್ಳವರು ಸೋಡಾ ಕುಡಿದು ಮಲಗುವುದೂ ಒಂದೇ ಅಜ್ಞಾನದ ಎರಡು ಮುಖಗಳು.

ನಮ್ಮ ಕರ್ತವ್ಯ

ಹೃದಯಾಘಾತದಲ್ಲಿ ರಕ್ತನಾಳದ ಹೆಪ್ಪನ್ನು ಎಷ್ಟು ಬೇಗ ಕರಗಿಸಿದರೆ ಅಷ್ಟು ಸ್ನಾಯು ಉಳಿಯುತ್ತದೆ. ಮೊದಲ ಗಂಟೆಗಳು ಅಮೂಲ್ಯ. ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರೂಪಿಸಿದ 'ಹೃದಯ ಜ್ಯೋತಿ' ಯೋಜನೆಯ ಆಶಯವೂ ಇದೇ: ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರಿಂದ ನಿರ್ಣಯ ಪಡೆದು, ಚುಚ್ಚುಮದ್ದನ್ನು ಅಲ್ಲಿಯೇ ಕೊಡುವುದು. ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ನಡೆಸಬಾರದು, ಬೈಕಿನ ಹಿಂದೆ ಕೂರಿಸಿ ಒಯ್ಯಬಾರದು. ಹೃದಯ ಕ್ಷೇಮವೆಂದು ತಿಳಿದ ಮೇಲೂ ನೋವು ಉಳಿದರೆ ಅದನ್ನು ಸುಳ್ಳೆಂದು ಹಳಿಯಬಾರದು. ಮನಸ್ಸಿನಿಂದ ಬಂದ ನೋವೂ ನೋವೇ, ಅದಕ್ಕೂ ಚಿಕಿತ್ಸೆಯುಂಟು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್'ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿಯೂ, ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿಯುಂಟು. ವರ್ಷಕ್ಕೊಂದು ದಿನ ನಮ್ಮ ಶಾಲೆಯ ಅಂಗಳದಲ್ಲಿ ಶಿಕ್ಷಕರ ಹಾಗೂ ಸಿಬ್ಬಂದಿಯ ರಕ್ತದೊತ್ತಡ, ಸಕ್ಕರೆಯ ಅಂಶ, ಇ.ಸಿ.ಜಿ.ಗಳ ತಪಾಸಣೆಯನ್ನು ಏರ್ಪಡಿಸಿರಿ. ಸಹೋದ್ಯೋಗಿಗಳಾದ ನಾವು ಮಾಡಬೇಕಾದುದು ಇನ್ನೂ ಸುಲಭ. ಯಾರಾದರೂ ಎದೆ ಮುಟ್ಟಿಕೊಂಡು ಏನೋ ಹೇಳಹೊರಟರೆ, ತಲೆದೂಗಿ ಸುಮ್ಮನಾಗದೆ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗೋಣ.