ಧೂಮಪಾನದಿಂದಾಗುವ ಕೇಡೂ ಅದನ್ನು ತ್ಯಜಿಸುವುದರಿಂದಾಗುವ ಹಿತವೂ

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬಸವಕಲ್ಯಾಣದ ಮಗ್ಗುಲಲ್ಲಿಯೂ ಹುಮನಾಬಾದಿನ ಮೂಲಕವೂ ಹಾದುಹೋಗುವುದನ್ನು ಈ ಸೀಮೆಯ ವಾಚಕರೆಲ್ಲರೂ ಬಲ್ಲರು. ಹಗಲಿರುಳೂ ಲಾರಿಗಳು ಓಡುವ ಈ ದಾರಿಯಲ್ಲಿ ಚಹದೊಡನೆ ಬೀಡಿ ಸಿಗರೇಟುಗಳೂ ಸಿಕ್ಕುತ್ತವೆ. ನಿದ್ರೆಯನ್ನು ತಡೆಯಲೆಂದು ಚಾಲಕನೂ, ಬೇಸರ ಕಳೆಯಲೆಂದು ಅಂಗಡಿಕಾರನೂ, ದಣಿವಾರಿಸಿಕೊಳ್ಳಲೆಂದು ರೈತನೂ ಸೇದುವರು. ಇವರು ನಮ್ಮ ತಂದೆಯರು, ಅಣ್ಣಂದಿರು, ಪತಿಗಳು. ಆದುದರಿಂದ ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವೇತಕ್ಕೆಂದು ಯಾರೂ ಕೇಳಲಾರರೆಂದು ನಂಬುತ್ತೇವೆ. ಗಂಡಸರು ಸೇದಿದ ಹೊಗೆಯನ್ನು ಮನೆಯ ಹೆಂಗಸರೂ ಮಕ್ಕಳೂ ಉಸಿರಾಡಬೇಕಾಗಿದೆಯಷ್ಟೆ.

ಇದು ಹಿರಿಯರ ಕಾಲದಿಂದ ನಡೆದುಬಂದ ಚಾಳಿಯೆಂದು ಕೆಲವರು ಸಮಾಧಾನ ಹೇಳಿಕೊಳ್ಳುವುದುಂಟು. ಅದು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಲ್ಯಾಣದಲ್ಲಿದ್ದಾಗ ಈ ದೇಶದಲ್ಲಿ ತಂಬಾಕೆಂಬುದೇ ಇರಲಿಲ್ಲ. ಅದು ಅಮೇರಿಕೆಯ ಗಿಡ. ಪೋರ್ತುಗೀಜರ ಹಡಗುಗಳಲ್ಲಿ ಇಲ್ಲಿಗೆ ಬಂದಿತು. 1604–05ರ ಸುಮಾರಿಗೆ ಅಕ್ಬರನ ದೂತನಾದ ಅಸದ್ ಬೇಗನು ಅದನ್ನು ನಮ್ಮ ಬಿಜಾಪುರದಲ್ಲಿಯೇ ಮೊದಲು ಕಂಡು, ಕುತೂಹಲದಿಂದ ಬಾದಶಹನ ಆಸ್ಥಾನಕ್ಕೆ ಒಯ್ದನು. ಆಗಲೇ ಆಸ್ಥಾನದ ಹಕೀಮರು ಬೇಡವೆಂದರು. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಆದರೂ ಚಟವು ನಿಲ್ಲಲಿಲ್ಲ. ನಡುವೆ ಬಂದ ಅತಿಥಿಯು ಮನೆಯೊಡೆಯನಾಗಿ ಕುಳಿತನು.

ಅದು ನಿಲ್ಲದಿರುವುದಕ್ಕೆ ಕಾರಣವು ತಂಬಾಕಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯ. ಹೊಗೆಯನ್ನೆಳೆದ ಕೆಲವೇ ಕ್ಷಣಗಳಲ್ಲಿ ಅದು ಮೆದುಳನ್ನು ಮುಟ್ಟಿ ಅಲ್ಪಕಾಲದ ಉಲ್ಲಾಸವನ್ನು ಕೊಡುವುದು. ಅದು ಇಳಿದೊಡನೆ ಮನಸ್ಸು ಮತ್ತೆ ಬೇಡುವುದು. ಹೊಗೆಯೊಳಗೆ ಏಳು ಸಾವಿರಕ್ಕೂ ಮಿಕ್ಕಿ ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರನ್ನುಂಟುಮಾಡತಕ್ಕವು. ಡಾಂಬರಿನಂತಹ ಜಿಗುಟು ಶ್ವಾಸಕೋಶಗಳಿಗೆ ಅಂಟುವುದು. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ರಕ್ತದಲ್ಲಿ ಪ್ರಾಣವಾಯುವಿನ ಸ್ಥಳವನ್ನು ಆಕ್ರಮಿಸುವುದು. ರಕ್ತನಾಳಗಳು ಇಕ್ಕಟ್ಟಾಗಿ ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ದಾರಿಯಾಗುವುದು. ಬೀಡಿಯು ಎಲೆಯಲ್ಲಿ ಸುತ್ತಿದ್ದಾದ್ದರಿಂದ ನಿರಪಾಯವೆಂಬುದು ಭ್ರಮೆ. ಅದರ ಹೊಗೆಯು ಸಿಗರೇಟಿನದಕ್ಕಿಂತ ಸೌಮ್ಯವಲ್ಲ.

ಸೇದದವರಿಗೂ ಈ ಕೇಡು ತಪ್ಪಿದ್ದಲ್ಲ. ಮನೆಯೊಳಗೆ ಹೊಗೆ ತುಂಬಿದರೆ ಮಕ್ಕಳಿಗೆ ಉಬ್ಬಸ, ಶ್ವಾಸನಾಳದ ಬೇನೆ, ಕಿವಿಯ ಸೋಂಕು ಹೆಚ್ಚುತ್ತವೆ. ಗರ್ಭಿಣಿಯು ಅದನ್ನು ಉಸಿರಾಡಿದರೆ ಶಿಶುವಿನ ತೂಕ ಕುಂದುವ ಅಪಾಯವುಂಟು. ಕಿಟಕಿ ತೆರೆದಿಟ್ಟರೆ ಸಾಕೆಂಬುದೂ ತಪ್ಪು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷಿದ್ಧವಾಗಿದೆ. ಆದರೆ ಆ ಕಾಯಿದೆಯು ಮನೆಯ ಹೊಸ್ತಿಲನ್ನು ದಾಟಿ ಬಾರದು. ಅಲ್ಲಿಂದ ಒಳಗಿನ ಕಾಯಿದೆಯನ್ನು ಮನೆಯವರೇ ಮಾಡಿಕೊಳ್ಳಬೇಕು.

ಇಷ್ಟು ವರುಷ ಸೇದಿಯಾಯಿತು, ಇನ್ನು ಬಿಟ್ಟು ಫಲವೇನು ಎಂಬ ನಿರಾಶೆಯ ಮಾತನ್ನು ನಾವು ಅನೇಕ ಮನೆಗಳಲ್ಲಿ ಕೇಳಿದ್ದೇವೆ. ಈ ಲೇಖನದ ಮುಖ್ಯೋದ್ದೇಶವೇ ಆ ಮಾತಿಗೆ ಉತ್ತರ ಕೊಡುವುದು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು ವಿದ್ವಾಂಸರು 1951ರಲ್ಲಿ ಅಲ್ಲಿಯ ವೈದ್ಯರನ್ನೇ ಕುರಿತು ಆರಂಭಿಸಿದ ಪರಿಶೋಧನೆಯು ಐವತ್ತು ವರುಷ ನಡೆದು, 2004ರಲ್ಲಿ ಅದರ ಫಲವು ಪ್ರಕಟವಾಯಿತು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ ಹತ್ತು ವರುಷ ಮೊದಲೇ ತೀರಿಕೊಂಡರು. ಅರುವತ್ತನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ಮೂರು ವರುಷ, ಐವತ್ತರಲ್ಲಿ ಆರು, ನಾಲ್ವತ್ತರಲ್ಲಿ ಒಂಬತ್ತು, ಮೂವತ್ತರಲ್ಲಿ ಬಿಟ್ಟವರಿಗೆ ಹತ್ತು ವರುಷಗಳೂ ಮರಳಿ ದೊರೆತುವು. ಮೂರು ವರುಷವೇನು ಅಲ್ಪವೇ? ಮಗಳ ಮದುವೆಯನ್ನು ಕಂಡು, ಮೊಮ್ಮಗುವನ್ನು ಎತ್ತಿಕೊಳ್ಳುವುದಕ್ಕೆ ಅಷ್ಟು ಸಾಕು.

ದೇಹವೂ ಉಪಕಾರವನ್ನು ಬೇಗನೆ ತೋರಿಸುವುದು. ಇಪ್ಪತ್ತು ನಿಮಿಷಗಳಲ್ಲಿ ನಾಡಿಯ ವೇಗವು ತಗ್ಗುವುದು; ದಿನವೊಂದು ಕಳೆಯುವಷ್ಟರಲ್ಲಿ ರಕ್ತದೊಳಗಿನ ವಿಷಾನಿಲವು ಇಳಿಯುವುದು; ಕೆಲವು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುವುವು; ಒಂದು ವರುಷಕ್ಕೆ ಹೃದ್ರೋಗದ ಅಪಾಯವು ಸೇದುವವನದಕ್ಕಿಂತ ಅರ್ಧಕ್ಕಿಳಿಯುವುದು.

ಬಿಡುವುದು ಸುಲಭವೆಂದು ನಾವು ಹೇಳುವುದಿಲ್ಲ. ಮೊದಲನೆಯ ವಾರದಲ್ಲಿ ಸಿಡುಕು, ತಲೆನೋವು, ನಿದ್ರಾಭಂಗಗಳು ಕಾಡುವುವು. ಈ ದಿನಗಳಲ್ಲಿ ಗೃಹಿಣಿಯು ಗದರಿಸದೆ, ಹಂಗಿಸದೆ ಜೊತೆಗಿರಬೇಕು. ಬಯಕೆಯು ಹುಟ್ಟಿದಾಗ ಕೆಲವೇ ನಿಮಿಷ ತಡೆದರೆ ಅದು ತಾನಾಗಿ ಇಳಿಯುವುದು. ಆಗ ಒಂದು ಲೋಟ ನೀರು, ನಾಲ್ಕು ಹೆಜ್ಜೆಯ ನಡಿಗೆ, ಒಂದು ಒಳ್ಳೆಯ ಮಾತು ನೆರವಾಗುವುವು. ವೀರಭದ್ರೇಶ್ವರನ ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೆ ಹಾಕದೆ ದಿನವನ್ನು ಗೊತ್ತುಮಾಡಬೇಕು. ಬೀಡಿಯನ್ನು ಬಿಟ್ಟು ತಂಬಾಕನ್ನು ಜಗಿಯತೊಡಗಿದರೆ ಫಲವಿಲ್ಲ. ಒಮ್ಮೆ ಜಾರಿದವರು ನಾಚದೆ ಮತ್ತೆ ಯತ್ನಿಸಲಿ. ವೈದ್ಯರಲ್ಲಿ ಇದಕ್ಕೆ ಔಷಧವುಂಟು. 1800-112-356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಸಲಹೆಯೂ ದೊರೆಯುವುದು.

ಶರೀರವು ದೇವರ ಆಲಯವೆಂಬುದನ್ನು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಸತ್ಯವೇದದಿಂದ ಕಲಿತೆವು. ಕಲ್ಯಾಣದ ಶರಣರೂ ಅದನ್ನೇ ಸಾರಿದರು. ಆಲಯದಲ್ಲಿ ಹೊಗೆ ಕವಿದಿದ್ದರೆ ಕದವನ್ನು ತೆರೆಯುವುದು ಯಾರ ಕೆಲಸ? ಪ್ರಿಯ ಸಹೋದರಿಯರೇ, ಈ ಸಂಚಿಕೆಯನ್ನು ಓದಿ ಮುಗಿಸಿದ ಸಂಜೆ ಈ ಪುಟವನ್ನು ಮನೆಯ ಹಿರಿಯರ ಕೈಯಲ್ಲಿಡಿರಿ. ಕೇಳಿಕೊಳ್ಳುವವಳು ಮಗಳಾದರೆ ಕೇಳದಿರುವ ತಂದೆಯರು ವಿರಳ.